ಪ್ರಾಗ್‌ನಲ್ಲಿ ಮಕ್ಕಳಿಗೂ ಇಡೀ ನಗರವನ್ನೇ ತೋರಿಸಿ

ನಮಸ್ಕಾರ. ಈಸ್ಟರ್ ರಜೆ ಹತ್ತಿರವಾಗುತ್ತಿದ್ದಂತೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿ ಪ್ರಾಗ್ ಪ್ರವಾಸದ ಮಾತು ಏಳುತ್ತದೆ. ಬರ್ಲಿನ್‌ನಿಂದಾಗಲಿ ವಿಯೆನ್ನಾದಿಂದಾಗಲಿ ರೈಲಿನಲ್ಲಿ ನಾಲ್ಕು ಗಂಟೆಯ ಆಸುಪಾಸಿನ ಹಾದಿ. ಚಳಿ ಇಳಿದಿರುತ್ತದೆ, ಬೇಸಿಗೆಯ ನೂಕುನುಗ್ಗಲು ಇನ್ನೂ ಆರಂಭವಾಗಿರುವುದಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದು ಉಳಿಯುವ ಕಾಲವೂ ಸಾಮಾನ್ಯವಾಗಿ ಅದೇ, ಮತ್ತು ಅವರು ಪಡೆದಿರುವ ಷೆಂಗೆನ್ ವೀಸಾದಲ್ಲೇ ಚೆಕ್ ಗಣರಾಜ್ಯಕ್ಕೂ ಹೋಗಿಬರಬಹುದು. ಹೀಗೆ ಮೂರು ತಲೆಮಾರು ಒಟ್ಟಿಗೆ ಹೊರಡುವುದು ನನಗೆ ಬಹಳ ಇಷ್ಟದ ಸಂಗತಿ. ಆದರೆ ಹೊರಡುವ ಮೊದಲು ನಾವು ಹಾಕುವ ಯೋಜನೆಯ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ದೊಡ್ಡವರಿಗೆ ಕೋಟೆ, ಸೇತುವೆ, ಚರ್ಚು. ಮಕ್ಕಳಿಗೆ ಮೇಣದ ಬೊಂಬೆಗಳ ಪ್ರದರ್ಶನ, ಚಾಕೊಲೇಟ್ ಅಂಗಡಿ, ಕಣ್ಕಟ್ಟಿನ ಕೋಣೆಗಳು. ಅಜ್ಜ ಅಜ್ಜಿಗೆ ಒಂದು ಬೆಂಚು. ನಗರವನ್ನು ಹೀಗೆ ಪಾಲು ಮಾಡುವುದು ಮಕ್ಕಳಿಗೂ ಹಿರಿಯರಿಗೂ ಮಾಡುವ ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಹಳೆಯ ಪಟ್ಟಣದ ಪುರಭವನದ ಗೋಡೆಯ ಮೇಲಿರುವ ಖಗೋಳ ಗಡಿಯಾರವನ್ನೇ ತೆಗೆದುಕೊಳ್ಳೋಣ. ಚೆಕ್ ಜನ ಅದನ್ನು ಓರ್ಲೋಯ್ ಎನ್ನುತ್ತಾರೆ, ಅದು 1410ರದು. ಗಂಟೆ ಹೊಡೆಯುವ ಸಮಯಕ್ಕೆ ಕೆಳಗೆ ಜನ ಮೊಬೈಲ್ ಎತ್ತಿ ಹಿಡಿದು ಕಿಕ್ಕಿರಿದು ನಿಂತಿರುತ್ತಾರೆ. ಅಸ್ಥಿಪಂಜರವೊಂದು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ, ಮೇಲಿನ ಎರಡು ಕಿಟಕಿಗಳು ತೆರೆದುಕೊಂಡು ಏಸುವಿನ ಹನ್ನೆರಡು ಮಂದಿ ಶಿಷ್ಯರ ಬೊಂಬೆಗಳು ಒಂದೊಂದಾಗಿ ಮುಖ ತೋರಿಸಿ ಹೋಗುತ್ತವೆ, ಕೊನೆಗೆ ಹುಂಜ ಕೂಗುತ್ತದೆ. ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಜನ ಕೂಡಲೇ ಚದುರಿಬಿಡುತ್ತಾರೆ. ಆಗ ನೀವು ಚದುರಬೇಡಿ, ಏಕೆಂದರೆ ಗಡಿಯಾರವನ್ನು ನಿಜವಾಗಿ ಓದಲು ಸಾಧ್ಯವಾಗುವುದು ಆ ಹೊತ್ತಿನಲ್ಲಿಯೇ.

ಫಲಕದಲ್ಲಿ ನೀಲಿ ಭಾಗ ಹಗಲು, ಕೆಳಭಾಗದ ಕಪ್ಪು ವೃತ್ತ ರಾತ್ರಿ, ಎರಡರ ನಡುವಿನ ಕಿತ್ತಳೆ ಬಣ್ಣದ ಪಟ್ಟಿ ಸಂಧ್ಯಾಕಾಲ. ಮುಳ್ಳಿನ ಮೇಲಿರುವ ಚಿನ್ನದ ಸೂರ್ಯ ಈ ಮೂರನ್ನೂ ದಾಟಿಕೊಂಡು ಸುತ್ತುತ್ತಾನೆ. ಅರ್ಧ ಬೆಳ್ಳಿ, ಅರ್ಧ ಕಪ್ಪು ಬಣ್ಣದ ಪುಟ್ಟ ಗೋಳವೊಂದು ತನ್ನಷ್ಟಕ್ಕೆ ಹೊರಳುತ್ತ ಚಂದ್ರನ ವೃದ್ಧಿಕ್ಷಯಗಳನ್ನು ತೋರಿಸುತ್ತದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ ಎಂದು ಹೇಳುವ ರಾಶಿಚಕ್ರದ ಉಂಗುರವೂ ಅಲ್ಲಿದೆ. ಪಂಚಾಂಗ ನೋಡಿ ಬಲ್ಲ ಅಜ್ಜ ಜೊತೆಯಲ್ಲಿದ್ದರೆ, ಬೇರೆ ಮಾರ್ಗದರ್ಶಿಯನ್ನು ಹುಡುಕುವ ಅಗತ್ಯವೇ ಇಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಆ ಗಡಿಯಾರ ಸೂರ್ಯನನ್ನು ಮೇಷದಲ್ಲಿ ತೋರಿಸುತ್ತಿರುತ್ತದೆ. ನಮ್ಮ ಪಂಚಾಂಗದ ಪ್ರಕಾರ ಆಗ ಸೂರ್ಯ ಇನ್ನೂ ಮೀನದಲ್ಲಿಯೇ ಇದ್ದು, ಮೇಷ ಸಂಕ್ರಮಣಕ್ಕೆ 14ನೆಯ ತಾರೀಖಿನವರೆಗೆ ಕಾಯಬೇಕು. ಇದರಲ್ಲಿ ಯಾರದೂ ತಪ್ಪಿಲ್ಲ. ಅವರದು ವಿಷುವ ಬಿಂದುವಿನಿಂದ ಎಣಿಸುವ ಸಾಯನ ಪದ್ಧತಿ, ನಮ್ಮದು ನಕ್ಷತ್ರಗಳನ್ನು ಆಧರಿಸಿದ ನಿರಯಣ ಪದ್ಧತಿ. ಭೂಮಿಯ ಅಕ್ಷ ಸಾವಿರಾರು ವರ್ಷಗಳಲ್ಲಿ ನಿಧಾನವಾಗಿ ದಿಕ್ಕು ಬದಲಿಸುತ್ತ ಬಂದಿರುವುದರಿಂದ ಎರಡರ ನಡುವೆ ಈಗ ಸುಮಾರು 24 ಡಿಗ್ರಿಗಳ ಅಂತರ ಬಿದ್ದಿದೆ. ಬೊಂಬೆಗಳನ್ನು ನೋಡಿ ಮುಗಿಸಿದ ಮಗುವಿಗೆ ಇದನ್ನು ಹೇಳಲು ಅಜ್ಜನಿಗಿಂತ ತಕ್ಕವರು ಯಾರಿದ್ದಾರೆ?

ವಸಂತದಲ್ಲಿ ಹೋಗುವುದಕ್ಕೆ ಇನ್ನೊಂದು ಕಾರಣವೂ ಈ ಗಡಿಯಾರದಲ್ಲಿಯೇ ಇದೆ. ಹೊರಗಿನ ಉಂಗುರದ ಮೇಲಿರುವ 24 ಅಂಕಿಗಳು ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಿದ್ದ ಹಳೆಯ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ಸೀಮೆಯ, ಲೆಕ್ಕ. ನಮ್ಮವರು ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದರಲ್ಲ, ಹಾಗೆ. ಸೂರ್ಯ ಮುಳುಗುವ ಹೊತ್ತು ಬದಲಾದಂತೆ ಆ ಉಂಗುರವೂ ಸರಿಯಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಪ್ರಾಗ್‌ನಲ್ಲಿ ಅದು ಎಂಟು ಗಂಟೆಗೂ ಹೆಚ್ಚು, ಏಪ್ರಿಲ್ ತಿಂಗಳಲ್ಲಿ ಹಗಲು ದಿನಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚಾಗಿ ಬೆಳೆಯುತ್ತದೆ. ಅಲ್ಲಿನ ಜನ ವಸಂತಕ್ಕೆ ಏಕೆ ಅಷ್ಟು ಹಾತೊರೆಯುತ್ತಾರೆ, ಈಸ್ಟರ್ ಸೋಮವಾರ ಹುಡುಗರು ಎಳೆಯ ವಿಲೋ ಕಡ್ಡಿಗಳನ್ನು ಹೆಣೆದುಕೊಂಡು ಹೊರಟು ಹುಡುಗಿಯರಿಗೆ ಮೆಲ್ಲಗೆ ತಾಕಿಸಿ ಬಣ್ಣದ ಮೊಟ್ಟೆಗಳನ್ನು ಏಕೆ ಪಡೆಯುತ್ತಾರೆ ಎಂಬುದು ಈ ಲೆಕ್ಕ ತಿಳಿದ ಮೇಲೆ ಮಗುವಿಗೆ ತಾನಾಗಿ ಹೊಳೆಯುತ್ತದೆ.

ಒಂದು ಕಥೆಯ ಬಗ್ಗೆ ಮಾತ್ರ ಎಚ್ಚರವಿರಲಿ. ಹನುಷ್ ಎಂಬ ಗುರು ಈ ಗಡಿಯಾರವನ್ನು ಮಾಡಿದನೆಂದೂ, ಬೇರೆ ಊರಿಗೆ ಇಂಥದ್ದನ್ನು ಮಾಡಿಕೊಡದಿರಲಿ ಎಂದು ನಗರದ ಹಿರಿಯರು ಅವನ ಕಣ್ಣು ಕೀಳಿಸಿದರೆಂದೂ ಹೇಳುತ್ತಾರೆ. ತಾಜ್ ಮಹಲ್ ಕಟ್ಟಿದವರ ಕೈ ಕಡಿಸಿದರೆಂಬ ಕಥೆಯ ಹಾಗೆ ಇದೂ ಕಟ್ಟುಕಥೆಯೇ. ಮಾಡಿದವನು ಕಾದನ್ ಊರಿನ ಮಿಕುಲಾಷ್. ಮಕ್ಕಳಿಗೆ ಕಥೆಯನ್ನೂ ಹೇಳಿ, ನಿಜವನ್ನೂ ಹೇಳಿ.

ಈಗ ಕಠಿಣವಾದ ಮಾತಿಗೆ ಬರುತ್ತೇನೆ. ಗಡಿಯಾರವಿರುವ ಚೌಕದಿಂದ ಕೆಲವೇ ನಿಮಿಷ ನಡೆದರೆ ಯೋಸೆಫೊವ್ ಎಂಬ ಹಳೆಯ ಯಹೂದಿ ಕೇರಿ. ಅಲ್ಲಿರುವ ಪಿಂಕಾಸ್ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಮಕ್ಕಳನ್ನು ಕರೆದೊಯ್ಯಬಾರದು, ರಜೆಯಲ್ಲಿ ಅಂಥದ್ದೆಲ್ಲ ಏಕೆ ಎಂದು ಅನೇಕ ತಂದೆತಾಯಿಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಜಿಗಳಿಗೆ ಬಲಿಯಾದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 80 ಸಾವಿರ ಯಹೂದಿಗಳ ಹೆಸರುಗಳನ್ನು ಆ ಗೋಡೆಗಳ ಮೇಲೆ ಕೈಯಿಂದಲೇ ಬರೆಯಲಾಗಿದೆ. ಅಕ್ಷರಗಳು ಎಷ್ಟು ಸಣ್ಣವು, ಎಷ್ಟು ಒತ್ತೊತ್ತಾಗಿವೆ ಎಂದರೆ ದೂರದಿಂದ ಗೋಡೆಗೆ ನೇಯ್ದ ಬಟ್ಟೆ ಹೊದಿಸಿದಂತೆ ಕಾಣುತ್ತದೆ. ಹತ್ತಿರ ಹೋದಾಗ ಪ್ರತಿಯೊಂದೂ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ. ಮಹಡಿಯ ಮೇಲೆ ತೆರೆಝೀನ್ ಎಂಬಲ್ಲಿ ಕೂಡಿಹಾಕಲ್ಪಟ್ಟಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಅಲ್ಲಿ ಮಕ್ಕಳಿಗೆ ಗುಟ್ಟಾಗಿ ಚಿತ್ರಕಲೆ ಕಲಿಸುತ್ತಿದ್ದರು. 1944ರಲ್ಲಿ ಅವರನ್ನು ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿ ಕೊಲ್ಲಲಾಯಿತು; ಹೊರಡುವ ಮೊದಲು ಅವರು ಎರಡು ಸೂಟ್‌ಕೇಸ್‌ಗಳಲ್ಲಿ ತುಂಬಿಟ್ಟ ಸುಮಾರು 4,500 ಚಿತ್ರಗಳು ಉಳಿದುಕೊಂಡವು. ಮನೆ, ಹೂವು, ಚಿಟ್ಟೆ: ನಮ್ಮ ಮಕ್ಕಳು ಶಾಲೆಯಲ್ಲಿ ಬಿಡಿಸುವಂಥವೇ. ಹತ್ತು ವರ್ಷ ದಾಟಿದ ಮಗು ಇದನ್ನು ನೋಡಬಲ್ಲದು, ತಾಳಿಕೊಳ್ಳಬಲ್ಲದು, ನೋಡಬೇಕು ಎಂದೇ ನಾನು ನಂಬಿದ್ದೇನೆ. ಹಿಂದಿನ ರಾತ್ರಿಯೇ ಕೂರಿಸಿಕೊಂಡು ಏನು ನಡೆಯಿತೆಂದು ಸರಳವಾಗಿ ಹೇಳಿ, ಒಳಗೆ ಹೋದ ಮೇಲೆ ಅದರ ಪಾಡಿಗೆ ನೋಡಲು ಬಿಡಿ. ಶನಿವಾರವೂ ಯಹೂದಿ ಹಬ್ಬಗಳಂದೂ ಅಲ್ಲಿ ಬಾಗಿಲು ಹಾಕಿರುತ್ತದೆ, ಪಾಸೋವರ್ ಹಬ್ಬ ಬರುವುದೂ ವಸಂತದಲ್ಲಿಯೇ. ಟಿಕೆಟ್ ಕೊಳ್ಳುವ ಮೊದಲು ದಿನಾಂಕ ನೋಡಿಕೊಳ್ಳಿ.

ಉಳಿದ ಅನುಕೂಲಗಳನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ಬೀದಿಗಳೆಲ್ಲ ಕಲ್ಲು ಹಾಸಿನವು. ಸಣ್ಣ ಚಕ್ರದ ತಳ್ಳುಗಾಡಿಯಿಂದ ಮಗುವಿಗೂ ತಳ್ಳುವವರಿಗೂ ಹಿಂಸೆ. ಕೋಟೆಗೆ ಹಿರಿಯರನ್ನು ಮೆಟ್ಟಿಲು ಹತ್ತಿಸಬೇಡಿ, 22ನೆಯ ಸಂಖ್ಯೆಯ ಟ್ರಾಮ್ ಹತ್ತಿಸಿ. ಅಲ್ಲಿನ ಸಂತ ವಿಟಸ್ ಕೆಥೆಡ್ರಲ್ 1344ರಲ್ಲಿ ಆರಂಭವಾಗಿ 1929ರಲ್ಲಿ ಮುಗಿಯಿತು. ಚಲಾವಣೆಯಲ್ಲಿರುವುದು ಕೊರೂನಾ, ಯೂರೋ ಅಲ್ಲ. ಹಣ ಬದಲಾಯಿಸುವ ಅಂಗಡಿಯಲ್ಲಿ ದರ ಮೋಸವೆನಿಸಿದರೆ, 1,000 ಯೂರೋವರೆಗಿನ ವಹಿವಾಟನ್ನು ಮೂರು ಗಂಟೆಯೊಳಗೆ ರದ್ದುಪಡಿಸುವ ಹಕ್ಕು 2019ರಿಂದ ನಿಮಗಿದೆ, ರಸೀದಿ ಇಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ಹಣ್ಣು ತುಂಬಿದ ಕ್ನೆಡ್ಲೀಕ್ ಕಡುಬು ಒಳ್ಳೆಯ ಆಸರೆ.

ಪಿಂಕಾಸ್‌ಗೆ ಹೋದ ದಿನ ಮಧ್ಯಾಹ್ನಕ್ಕೆ ಬೇರೇನನ್ನೂ ಇಟ್ಟುಕೊಳ್ಳದೆ, ನದಿ ದಾಟಿ ವಾಲೆನ್‌ಸ್ಟೈನ್ ಉದ್ಯಾನಕ್ಕೆ ಹೋಗಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುವ ಈ ತೋಟಕ್ಕೆ ಪ್ರವೇಶಶುಲ್ಕವಿಲ್ಲ. ಪಕ್ಕದ ಅರಮನೆಯಲ್ಲಿ ಈಗ ಚೆಕ್ ಸಂಸತ್ತಿನ ಸೆನೆಟ್ ಸೇರುತ್ತದೆ. ಪ್ರಾಗ್‌ನಲ್ಲಿದ್ದಾಗ ಖಗೋಳಶಾಸ್ತ್ರಜ್ಞ ಕೆಪ್ಲರ್ ಜಾತಕ ಬರೆದುಕೊಟ್ಟ ಸೇನಾಪತಿಯೇ ಇದನ್ನು ಕಟ್ಟಿಸಿದವನು, ಆದ್ದರಿಂದ ಅಜ್ಜನಿಗೆ ಇಲ್ಲಿಯೂ ಹೇಳಲು ಕೆಲಸವಿದೆ. ಹುಲ್ಲಿನ ಮೇಲೆ ನವಿಲುಗಳು ಓಡಾಡಿಕೊಂಡಿರುತ್ತವೆ. ಬೆಳಿಗ್ಗೆ ಕಂಡದ್ದರ ಬಗ್ಗೆ ಮಗು ಪ್ರಶ್ನೆ ಕೇಳಲು ತೊಡಗುವುದು ಬಹುಪಾಲು ಇಂಥ ಕಡೆಯಲ್ಲಿಯೇ. ಆಗ ಮುಂದಿನ ಜಾಗಕ್ಕೆ ಹೊತ್ತಾಯಿತೆಂದು ಎಬ್ಬಿಸಬೇಡಿ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿ.