ಆ ಹೆಸರು ಯಾಕೆ ಹೇಳ್ತೀರಿ, ಅಯ್ಯನವರೇ?

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ, ನಮ್ಮದು ತಗಡಿನ ಮಾಡು. ಸದ್ದು ಬಂದರೆ ಸ್ವಲ್ಪ ಸಹಿಸಿಕೊಳ್ಳಿ.

ಇಲ್ಲಿ ಕ್ರಿಶ್ಚಿಯನ್ ಅಂದ ಕೂಡಲೇ ಜನರಿಗೆ ನೆನಪಾಗುವುದು ಕೊಂಕಣಿ ಮಾತಾಡುವ ಕ್ಯಾಥೊಲಿಕರು. ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟಂಟ್ ಸಭೆ; ಚಿಕ್ಕದು. ನಾನು ಅದರ ಪಾದ್ರಿ, ಸಭೆಯವರ ಬಾಯಲ್ಲಿ 'ಅಯ್ಯನವರು'. ಪೇಟೆಯಲ್ಲಿ ನನ್ನನ್ನೂ 'ಫಾದರ್' ಅಂತಲೇ ಕರೆಯುತ್ತಾರೆ. ತಿದ್ದುವುದನ್ನು ಬಿಟ್ಟುಬಿಟ್ಟಿದ್ದೇನೆ. ಕ್ಯಾಥೊಲಿಕ್ ಫಾದರ್‌ಗಳು ಮದುವೆಯಾಗುವುದಿಲ್ಲ, ನಾವು ಆಗುತ್ತೇವೆ. 'ಮೀನು ಸಾಕು, ಮನೆಯಲ್ಲಿ ಹೆಂಡತಿ ಬೈತಾಳೆ' ಅಂದಾಗ ಮಾತ್ರ ಮೀನು ಮಾರುವವಳ ಕೈ ತಕ್ಕಡಿಯ ಮೇಲೇ ನಿಲ್ಲುತ್ತದೆ.

ವಿಷಯಕ್ಕೆ ಬರುತ್ತೇನೆ. ಪ್ರತಿ ಭಾನುವಾರ ಪ್ರಸಂಗ, ಅಂದರೆ ಉಪದೇಶ, ಮುಗಿದ ಮೇಲೆ ದೇಶಕ್ಕಾಗಿ ಪ್ರಾರ್ಥನೆ ಇರುತ್ತದೆ. ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿ, ಎಲ್ಲರ ಹೆಸರು ಹೇಳುತ್ತೇನೆ. ಒಮ್ಮೆ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಕೊಡೆ ಬಿಡಿಸುತ್ತಾ, "ಆ ಹೆಸರು ಯಾಕೆ ಹೇಳ್ತೀರಿ, ಅಯ್ಯನವರೇ?" ಅಂದರು. ಸರ್ಕಾರ ಬದಲಾಯಿತು. ಅದೇ ಬಾಗಿಲಲ್ಲಿ ಇನ್ನೊಬ್ಬರು ಇನ್ನೊಂದು ಹೆಸರಿನ ಬಗ್ಗೆ ಅದನ್ನೇ ಕೇಳಿದರು. ಇಬ್ಬರಿಗೂ ನಾನು ಹೇಳಿದ್ದು ಒಂದೇ: ನಾನು ಹೊಗಳುತ್ತಿಲ್ಲ, ಪ್ರಾರ್ಥಿಸುತ್ತಿದ್ದೇನೆ. ಅರಸರಿಗಾಗಿ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ, ತಿಮೊಥೆಯನಿಗೆ ಬರೆದ ಪತ್ರದಲ್ಲಿದೆಯಲ್ಲ, ಆಗಿನ ರೋಮ್ ಚಕ್ರವರ್ತಿಗಳೇನು ನಮ್ಮವರಾ?

ಇದಾದರೂ ಸುಲಭ. ಕಷ್ಟ ಶುರುವಾಗಿದ್ದು 2020ರ ಜನವರಿಯಲ್ಲಿ. ಬಂದರು ವಿಸ್ತರಣೆಗೆ ಟಾಗೋರ್ ಕಡಲತೀರದ ಹತ್ತಿರ ಅಲೆ ತಡೆಗೋಡೆ ಕಟ್ಟಲು ಹೊರಟಾಗ ಮೀನುಗಾರರು ಬೀದಿಗಿಳಿದರು. ಸೀಬರ್ಡ್ ನೌಕಾನೆಲೆಗೆ ಎಷ್ಟೋ ಕಡಲತೀರ ಬಿಟ್ಟುಕೊಟ್ಟ ಜನ ಅವರು. ಇನ್ನು ದೋಣಿ ಎಳೆಯುವುದು ಎಲ್ಲಿ, ಬಲೆ ಒಣಗಿಸುವುದು ಎಲ್ಲಿ ಅನ್ನುವುದು ಅವರ ಚಿಂತೆ. ಆ ಭಾನುವಾರ ಅವರನ್ನೂ ಪ್ರಾರ್ಥನೆಯಲ್ಲಿ ಸೇರಿಸಿದೆ. ಒಂದೇ ಸಾಲು. ಮಧ್ಯಾಹ್ನ ಊಟಕ್ಕೆ ಕೂರುವ ಮೊದಲೇ ಫೋನ್: "ಅಯ್ಯನವರೇ, ಸಭೆಯಲ್ಲಿ ರಾಜಕೀಯ ಬೇಡ."

ಎರಡು ವರ್ಷ ಕಳೆಯಿತು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಬರೆದು ಕೊಡಬೇಕು ಅಂತ ಅದರಲ್ಲಿತ್ತು. ಮತ್ತೆ ಅದೇ ನಂಬರಿನಿಂದ ಫೋನ್. "ನೀವು ಸುಮ್ನೆ ಕೂತರೆ ಹೇಗೆ? ಮಾತಾಡಬೇಕಲ್ವಾ?"

ಮಾತಾಡಿದೆ. ಆ ಕಾಯ್ದೆ ತಪ್ಪು ಅಂತಲೇ ಈಗಲೂ ನನ್ನ ಅಭಿಪ್ರಾಯ. ಆದರೆ ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಮೀನುಗಾರರ ನೋವು ರಾಜಕೀಯ, ನಮ್ಮ ನೋವು ಮಾತ್ರ ಪ್ರಾರ್ಥನೆ. ಇದು ಆ ಒಬ್ಬರ ತಪ್ಪು ಅಂತ ಹೇಳುತ್ತಿಲ್ಲ. ಅಂದು ಫೋನ್ ಬಂದ ಮೇಲೆ ಮುಂದಿನ ಭಾನುವಾರ ಮೀನುಗಾರರ ಸಾಲನ್ನು ನಾನೇ ಕೈಬಿಟ್ಟಿದ್ದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಹೆದರಿಕೆ, ಅಷ್ಟೇ.

ರಾಜಕೀಯ ಬೇಡ ಅನ್ನುವವರೇ ಚರ್ಚಿನ ಆಡಳಿತ ನೋಡುವ ಸಭಾಮಂಡಳಿಯ ಚುನಾವಣೆ ಬಂದರೆ ಮನೆ ಮನೆಗೆ ಹೋಗುತ್ತಾರೆ, ಅದು ಬೇರೆ ಕಥೆ. ನಾನು ಮೊದಲಿದ್ದ ಸಭೆಯೊಂದರಲ್ಲಿ ಸುಗ್ಗಿ ಹಬ್ಬಕ್ಕೆ ಜನ ಕಾಣಿಕೆ ಕೊಟ್ಟ ಬೆಳೆಯ ಹರಾಜಿನಲ್ಲಿ ಒಂದು ಮೊಗೆಕಾಯಿಗೆ 3,000 ರೂಪಾಯಿ ಕೂಗಿದ್ದರು. ಕೂಗಿದವರು ಆ ವರ್ಷ ಚುನಾವಣೆಗೆ ನಿಂತಿದ್ದರು. ಕಾಯಿ ಅರ್ಧ ಕೊಳೆತಿತ್ತು.

ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಸ್ವಾತಂತ್ರ್ಯ ಬಂದು ಇನ್ನೂ ಒಂದೂವರೆ ತಿಂಗಳಾಗಿರಲಿಲ್ಲ. ಅತ್ತ ದೇಶ ಒಡೆದು ರಕ್ತ ಹರಿಯುತ್ತಿತ್ತು. ಇತ್ತ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾದವು. ಆ ದಿನ ಅಲ್ಲಿ ಸೇರಿದವರು ದೇಶದ ಗೊಡವೆ ನಮಗೆ ಬೇಡ ಅಂದಿರುತ್ತಾರೆ ಅಂತ ನನಗಂತೂ ಅನ್ನಿಸುವುದಿಲ್ಲ.

2024ರ ಜುಲೈನಲ್ಲಿ ನಮ್ಮ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಹೆದ್ದಾರಿಗೆ ಗುಡ್ಡ ಕಡಿದವರಿಗೂ ಬುದ್ಧಿ ಕೊಡು ಅಂತ ಪ್ರಾರ್ಥಿಸಿದೆ. ಅದು ರಾಜಕೀಯವೋ ಅಲ್ಲವೋ ಅಂತ ಈ ಸಲ ನೋಡಲು ಹೋಗಲಿಲ್ಲ.

ಈಗ ಪ್ರಾರ್ಥನೆಯ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಬೈಬಲ್ ಒಳಗೆ ಇಟ್ಟುಕೊಳ್ಳುತ್ತೇನೆ, ಹೆದರಿ ಮರೆತುಹೋಗಬಾರದು ಅಂತ. ಮೀನುಗಾರರ ಸಾಲು ವಾಪಸ್ ಬಂದಿದೆ. ಫೋನ್ ಮಾಡಿದವರು ಈಗಲೂ ಎರಡನೇ ಬೆಂಚಿನಲ್ಲೇ ಕೂರುತ್ತಾರೆ. ಆ ಸಾಲು ಬಂದಾಗ ಕಣ್ಣು ಬಿಟ್ಟು ನನ್ನನ್ನು ನೋಡುತ್ತಾರೆ. ನನಗೆ ಹೇಗೆ ಗೊತ್ತು ಅಂತೀರಾ? ನಾನೂ ಕಣ್ಣು ಮುಚ್ಚಿರುವುದಿಲ್ಲ.