ಹರಾಜಿನಲ್ಲಿ ಸಿಗೋದು ಮನೆಯಲ್ಲ ಮಾರಾಯ್ರೆ!

ನಮಸ್ಕಾರ. ಹೋದ ವಿಡಿಯೋದ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಸರ್, ಘರ್‌ಪಟ್ಟಿ (ಆಸ್ತಿ ತೆರಿಗೆ) ಬಾಕಿ ಇಟ್ಟವರ ಫ್ಲ್ಯಾಟನ್ನು ಮಹಾಪಾಲಿಕೆ ಲಿಲಾವಿಗೆ (ಹರಾಜಿಗೆ) ಹಾಕ್ತದಂತೆ, ಅರ್ಧ ರೇಟಿಗೆ ಸಿಗ್ತದಂತೆ. ನೀವು ಇದನ್ನೆಲ್ಲ ಯಾಕೆ ಹೇಳೋದಿಲ್ಲ? ಒಳಗೊಳಗೆ ನೀವೇ ಹೊಡ್ಕೊಳ್ತಿದ್ದೀರಾ?" ಅದಕ್ಕೆ ಲೈಕು ಬೇರೆ!

ತಗೊಳ್ಳಿ, ಹೇಳ್ತೇನೆ. ಹರಾಜಿನಲ್ಲಿ ನೀವು ಕೊಳ್ಳೋದು ಮನೆಯನ್ನಲ್ಲ. ಬಾಕಿದಾರನಿಗೆ ಆ ಮನೆಯ ಮೇಲೆ ಎಷ್ಟು ಹಕ್ಕಿತ್ತೋ ಅಷ್ಟನ್ನು. ಅವನದು ಎಂಟಾಣೆ ಪಾಲಾದರೆ ನಿಮ್ಮದೂ ಎಂಟಾಣೆ. ಅವನ ತಮ್ಮ ಕೋರ್ಟಿನಲ್ಲಿ ಪಾಲು ಕೇಳಿ ಕೂತಿದ್ದರೆ, ನಾಳೆಯಿಂದ ಆ ತಮ್ಮ ನಿಮಗೇ ಗಂಟು.

ಮೊದಲು, ಈ ಅರ್ಧ ರೇಟಿನ ಫ್ಲ್ಯಾಟು ಎಲ್ಲಿಂದ ಬರಬೇಕು? ಮುಂಬೈ ಪಾಲಿಕೆ ಹದ್ದಿನಲ್ಲಿ 500 ಚದರಡಿಯೊಳಗಿನ ವಾಸದ ಮನೆಗೆ 2022ರ ಜನವರಿಯಿಂದ ಘರ್‌ಪಟ್ಟಿಯೇ ಮಾಫಿ. ಅದಕ್ಕಿಂತ ದೊಡ್ಡ ಮನೆಗಳಿಗೆ ಬಿಲ್ಲು ಹೆಚ್ಚಾಗಿ ಇಡೀ ಸೊಸೈಟಿಯ ಹೆಸರಿಗೆ ಒಟ್ಟಿಗೇ ಬರ್ತದೆ, ನೀವು ಮೇಂಟೆನೆನ್ಸ್ ಜೊತೆ ಕಟ್ತೀರಿ. ಹಾಗಾಗಿ ಲಿಲಾವಿನ ಬಾಗಿಲಿಗೆ ಬರೋದು ಬಿಲ್ಡರನ ಅರ್ಧಕ್ಕೆ ನಿಂತ ಪ್ಲಾಟು, ಮುಚ್ಚಿದ ಗಾಳಾ (ಅಂಗಡಿ-ಕಾರ್ಖಾನೆಯ ಮಳಿಗೆ), ಮಾಲೀಕರೇ ಹೊಡೆದಾಡ್ತಿರುವ ಹಳೇ ಕಟ್ಟಡ. ಹಕ್ಕು ಸರಿ ಇದ್ದಿದ್ದರೆ ಅವನೇ ಮಾರಿ ಬಾಕಿ ಕಟ್ತಿದ್ದ ಅಲ್ವಾ?

ಪಾಲಿಕೆ ಬೆಳಿಗ್ಗೆ ಎದ್ದು ನೇರ ಹರಾಜಿಗೆ ಹೊರಡೋದಿಲ್ಲ. ಬಿಲ್ಲು ಸಿಕ್ಕಿದ ಮೇಲೆ ಕಟ್ಟಲಿಕ್ಕೆ 90 ದಿನ. ಆಮೇಲೆ ಡಿಮ್ಯಾಂಡ್ ಪತ್ರ, ಆಮೇಲೆ 21 ದಿನದ ಕೊನೇ ನೋಟಿಸು. ಅದಕ್ಕೂ ಜಗ್ಗದಿದ್ದರೆ 1888ರ ಮುಂಬೈ ಪಾಲಿಕೆ ಕಾಯ್ದೆಯ 203ನೇ ಕಲಮಿನಿಂದ ಜಪ್ತಿ ಶುರು. ಗಾಡಿ, ಏಸಿ, ಫರ್ನಿಚರ್ ಎತ್ತುತ್ತಾರೆ, ನೀರು ಕತ್ತರಿಸ್ತಾರೆ, ಸೀಲು ಹಾಕ್ತಾರೆ. ಜಾಗವನ್ನೇ ಮಾರುವ ಹೊತ್ತು ಬರೋದು ಕಟ್ಟಕಡೆಗೆ. ಪುಣೆಯಲ್ಲಿ 1949ರ ಕಾಯ್ದೆ, ದಾರಿ ಹೆಚ್ಚುಕಮ್ಮಿ ಇದೇ. ಅಲ್ಲಿ ಬಾಕಿದಾರರ ಮನೆ ಮುಂದೆ ಬ್ಯಾಂಡು ಬಾರಿಸಿದ್ದೂ ಉಂಟು. ಮದುವೆಗೆ ಬರದ ನೆಂಟರೂ ಅವತ್ತು ಕಿಟಕಿಯಲ್ಲಿ!

ಮಾಲೀಕರೇ, ನಿಮ್ಮನ್ನು ಮುಳುಗಿಸೋದು ಹರಾಜಲ್ಲ, ದಂಡ. ತಿಂಗಳಿಗೆ ನೂರಕ್ಕೆ 2. ಐದು ಲಕ್ಷ ಬಾಕಿಗೆ ತಿಂಗಳಿಗೆ 10,000, ಮೂರು ವರ್ಷಕ್ಕೆ 3,60,000. ಬಿಲ್ಲೇ ತಪ್ಪು ಅಂತಿದ್ದರೆ ಸ್ಮಾಲ್ ಕಾಸಸ್ (ಸಣ್ಣ ದಾವೆಗಳ) ಕೋರ್ಟಿಗೆ ಅಪೀಲು ಉಂಟು. ಆದರೆ ಹಣ ಕಟ್ಟಿ, ವಾಯಿದೆಯೊಳಗೆ ಹೋಗಬೇಕು. ಕೊನೆಗೆ ಮಾರಾಟ ಆಗಿಯೇ ಹೋದರೆ, ಬಾಕಿ ಮತ್ತು ಖರ್ಚು ಕಳೆದು ಉಳಿದದ್ದು ನಿಮ್ಮದೇ. ಕೇಳಿ ತಗೊಳ್ಳಿ.

ಈಗ ಕೊಳ್ಳೋ ಶೂರರ ಕಡೆ ಬರೋಣ. ಇಲಾಖೆಗೆ ತಕ್ಕ ಹಾಗೆ ನಿಯಮ ಬದಲಾಗ್ತದೆ. ಉದಾಹರಣೆಗೆ, 2026ರ ಮಾರ್ಚ್ ಕೊನೆಯವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಎರಡನೇ ಶೆಡ್ಯೂಲು ತೆಗೆದು ನೋಡಿ, ಬರವಣಿಗೆ ಸ್ಪಷ್ಟ ಉಂಟು. ಸವಾಲು ನಿಮ್ಮ ಹೆಸರಿಗೆ ನಿಂತ ಕೂಡಲೇ ನೂರಕ್ಕೆ 25, ಉಳಿದದ್ದು 15 ದಿನದೊಳಗೆ. 80 ಲಕ್ಷಕ್ಕೆ ಕೂಗಿದಿರಾ? ನಿಂತ ಕಾಲಲ್ಲಿ 20 ಲಕ್ಷ, ಹದಿನೈದು ದಿನದಲ್ಲಿ 60 ಲಕ್ಷ. ಯಾವ ಬ್ಯಾಂಕು ಹದಿನೈದು ದಿನದಲ್ಲಿ ಹೋಮ್ ಲೋನ್ ಬಿಡುಗಡೆ ಮಾಡ್ತದೆ, ಅದೂ ಇಂಥ ಕಾಗದಕ್ಕೆ? ತಪ್ಪಿದಿರೋ, ಠೇವಣಿ ಹೋಯ್ತು, ಜಾಗ ಮತ್ತೆ ಹರಾಜಿಗೆ.

ಕಟ್ಟಿದಿರಿ ಅಂತಲೇ ಇಟ್ಟುಕೊಳ್ಳಿ. ಸ್ವೀಟ್ ಬಾಕ್ಸ್ ಹಂಚಬೇಡಿ! 30 ದಿನದೊಳಗೆ ಹಳೇ ಮಾಲೀಕ ಬಾಕಿ, ಬಡ್ಡಿ, ಮೇಲೆ ನಿಮ್ಮ ಬೆಲೆಯ ನೂರಕ್ಕೆ 5 ಕಟ್ಟಿ ಅರ್ಜಿ ಹಾಕಿದರೆ ಮಾರಾಟವೇ ರದ್ದು. ನಿಮಗೆ ನಿಮ್ಮ 80, ಜೊತೆಗೆ 4 ಲಕ್ಷ, ಮನೆಗೆ ಹೋಗಿ. ನೋಟಿಸು ಸರಿಯಾಗಿ ಜಾರಿ ಆಗಿಲ್ಲ ಅಂತಲೂ ಅಷ್ಟೇ ದಿನದೊಳಗೆ ತಕರಾರು ಎತ್ತಬಹುದು. ಇದೆಲ್ಲ ದಾಟಿದರೆ ಖಾಯಂ, ಆಮೇಲೆ ಸೇಲ್ ಸರ್ಟಿಫಿಕೇಟು. ಅದಕ್ಕೂ ಸ್ಟ್ಯಾಂಪ್ ಡ್ಯೂಟಿ ಮಾಫಿ ಇಲ್ಲ, ಮಾಮೂಲಿ ಖರೀದಿಯ ಹಾಗೇ.

ಇನ್ನು ತಾಬಾ, ಅಂದರೆ ಜಾಗ ಕೈಗೆ ಬರೋದು. ಒಳಗೆ ಹೊಟೇಲಿನ ಪಾಗಡಿ ಬಾಡಿಗೆದಾರ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಮ್ಮಿ ಬಾಡಿಗೆಗೆ ಕೂತವನು) ಇದ್ದಾನೆ ಅಂತಿಟ್ಟುಕೊಳ್ಳಿ. ಅದೇ ಶೆಡ್ಯೂಲಿನಲ್ಲಿ ಬರೆದಿದೆ: ಬಾಡಿಗೆದಾರ ಇರುವ ಜಾಗದ ತಾಬಾ ಕೊಡೋದು ಹೇಗೆಂದರೆ, ಗೋಡೆಗೆ ಸರ್ಟಿಫಿಕೇಟಿನ ಪ್ರತಿ ಅಂಟಿಸಿ ಡಂಗುರ ಹೊಡೆಯೋದು. ಮುಗಿಯಿತು! 80 ಲಕ್ಷಕ್ಕೆ ನಿಮಗೆ ಸಿಕ್ಕಿದ್ದು ಅವನ ಶಟರಿಗೆ ಅಂಟಿಸಿದ ಒಂದು ಕಾಗದ, ಮತ್ತು ಡಂ ಡಂ ಡಂ. ಅವನು ಒಳಗಿನಿಂದ ಬಗ್ಗಿ ನೋಡಿ ಮತ್ತೆ ದೋಸೆ ಹುಯ್ತಾನೆ. ಹೊಟೇಲಿನ ನಮ್ಮವರೇ, ನಿಮಗೆ ಇದು ಒಳ್ಳೇ ಸುದ್ದಿ: ಕಟ್ಟಡ ಹರಾಜಾಯ್ತು ಅಂತ ನಿಮ್ಮನ್ನು ಯಾರೂ ಹೊರಗೆ ಹಾಕಲಿಕ್ಕಾಗೋದಿಲ್ಲ, ಬಾಡಿಗೆ ಹೊಸ ಮಾಲೀಕನಿಗೆ ಹೋಗ್ತದೆ ಅಷ್ಟೇ. ನಿಮ್ಮ ಹಳೇ ಮಾಲೀಕನಿಗೆ ಬಾಡಿಗೆದಾರನನ್ನು ಮನಸ್ಸಿಗೆ ಬಂದ ಹಾಗೆ ಓಡಿಸುವ ಹಕ್ಕಿತ್ತಾ? ಇಲ್ಲ. ಹಾಗಾದರೆ ಕೊಂಡವನಿಗೆ ಎಲ್ಲಿಂದ ಬಂತು? ನಾನು ಹೇಳಿದ್ದೇನು? ಬಾಕಿದಾರನ ಹಕ್ಕು! ಅಷ್ಟೇ!

ಯಾರೋ ವಕೀಲ ಮಿತ್ರರು 1971ರ ಸುಪ್ರೀಂ ಕೋರ್ಟ್ ತೀರ್ಪು ಹಾಕಿದ್ದಾರೆ, ಅಹಮದಾಬಾದ್ ಪಾಲಿಕೆಯದ್ದು. ಹಳೇ ತೆರಿಗೆಯ ಸುಳಿವೇ ಇಲ್ಲದೆ ಹರಾಜಿನಲ್ಲಿ ಕೊಂಡವನ ಜಾಗದಿಂದ ಅದನ್ನು ವಸೂಲು ಮಾಡುವ ಹಾಗಿಲ್ಲ ಅಂತ. ಸರಿ ಸ್ವಾಮಿ. ಆದರೆ ಜಾಹೀರಾತಿನಲ್ಲೇ "ಇದ್ದಲ್ಲಿ ಇದ್ದ ಹಾಗೆ, ಎಲ್ಲ ಬಾಕಿ ಖರೀದಿದಾರನ ಮೇಲೆ" ಅಂತ ಅಚ್ಚು ಹಾಕಿರುವಾಗ, ಸುಳಿವಿರಲಿಲ್ಲ ಅಂತ ಯಾವ ಮುಖ ಹೊತ್ತು ಹೇಳ್ತೀರಿ?

ಇನ್ನೊಬ್ಬರು ಅಮೆರಿಕದ ವಿಡಿಯೋ ಕಳಿಸಿದ್ದಾರೆ. ಅಲ್ಲಿ ಫ್ಲೋರಿಡಾದಲ್ಲಿ ಟ್ಯಾಕ್ಸ್ ಸರ್ಟಿಫಿಕೇಟು ಕೊಳ್ಳೋದು, ವರ್ಷಕ್ಕೆ ನೂರಕ್ಕೆ 18ರವರೆಗೆ ಬಡ್ಡಿ. ಅದು ಫ್ಲೋರಿಡಾ ಅಣ್ಣಾ, ಇದು ಘಾಟ್ಕೋಪರ್! ಮೂರನೆಯವರದ್ದು, ದಾವೂದನ ಕಡೆಯವರ ಜಾಗ ಹರಾಜಾಗಲಿಲ್ವಾ ಅಂತ. ಅದು ಸ್ಮಗ್ಲರುಗಳ ಆಸ್ತಿ ಮುಟ್ಟುಗೋಲು ಹಾಕುವ ಸಾಫೆಮಾ ಕಾಯ್ದೆ, ಘರ್‌ಪಟ್ಟಿ ಅಲ್ಲ. 2024ರ ಜನವರಿಯಲ್ಲಿ 15,440 ರೂಪಾಯಿ ಮೂಲಬೆಲೆಯ ರತ್ನಾಗಿರಿ ಜಾಗಕ್ಕೆ 2.01 ಕೋಟಿ ಕೂಗಿದರು. ಅಗ್ಗ ಅಂದಿರಲ್ಲ? ಲೆಕ್ಕ ಹಾಕಿ!

ಹೋಗಲೇಬೇಕು ಅನ್ನುವ ಹಟ ಇದ್ದರೆ ಮೊದಲು ಪ್ರಾಪರ್ಟಿ ಕಾರ್ಡು, ಪುಣೆ ಕಡೆ ಸಾತ್‌ಬಾರಾ (ಜಮೀನಿನ ಪಹಣಿ) ಮತ್ತು ಅದರ ಮೇಲಿನ ಬೋಜಾ (ಸಾಲ-ಬಾಕಿಯ ಹೊರೆ), 30 ವರ್ಷದ ಇಂಡೆಕ್ಸ್-ಟೂ (ನೋಂದಣಿ ಕಚೇರಿಯ ವ್ಯವಹಾರ ದಾಖಲೆ) ಸರ್ಚು, ಬ್ಯಾಂಕಿನ ಸಾಲಕ್ಕೆ ಸೆರ್ಸಾಯ್ (ಅಡವಿಟ್ಟ ಆಸ್ತಿಗಳ ಕೇಂದ್ರ ದಾಖಲೆ), ಸೊಸೈಟಿ ಬಾಕಿ, ನೀರಿನ ಬಿಲ್ಲು. ಜಾಗಕ್ಕೆ ಹೋಗಿ ಒಳಗೆ ಯಾರಿದ್ದಾರೆ ಅಂತ ಕಣ್ಣಾರೆ ನೋಡಿ. ಇಷ್ಟು ಮಾಡಿದವರು ಯಾರೂ "ಅರ್ಧ ರೇಟು" ಅಂತ ಕಮೆಂಟು ಹಾಕೋದಿಲ್ಲ!

"ನಮ್ಮ ಭಾವ ತಗೊಂಡು ಕೋಟಿ ಮಾಡಿದ್ದಾರೆ" ಅಂದವರು ಭಾವನನ್ನು ಭಾನುವಾರದ ಲೈವ್‌ಗೆ ಕರ್ಕೊಂಡು ಬನ್ನಿ. ಕಾಫಿ ನನ್ನದು, ಸೇಲ್ ಸರ್ಟಿಫಿಕೇಟು ಅವರದು. ನೋಟಿಸು ಬಂದವರು ಎಸ್‌ಎಸಿ ನಂಬರು (ಬಿಲ್ಲಿನ ಮೇಲಿನ ಆಸ್ತಿಯ ಖಾತೆ ನಂಬರು) ಮುಚ್ಚಿ ಫೋಟೋ ಕಳಿಸಿ, ಲೈವ್‌ನಲ್ಲಿ ಓದ್ತೇನೆ. ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಮಾಡಿ, ಅದಕ್ಕೆ ನೂರಕ್ಕೆ 25 ಠೇವಣಿ ಏನೂ ಇಲ್ಲ. ಮತ್ತೆ ಆ ಮಹಾನುಭಾವರಿಗೆ: ಇಲ್ಲ ಸ್ವಾಮಿ, ಒಳಗೊಳಗೆ ನಾನು ಏನೂ ಹೊಡ್ಕೊಳ್ತಿಲ್ಲ!