ಪ್ಯಾಂಟ್ ಕಟ್ ಮಾಡೋ ಮಾಸ್ಟರ್ ಯಾಕ್ರೀ ಉತ್ತರ ಕೊಡಬೇಕು?

ನಮಸ್ಕಾರ್ರೀ ಎಲ್ಲಾರಿಗೂ. ಬಳ್ಳಾರಿಯಿಂದ ಮಾತಾಡ್ತಾ ಇದೀನಿ, ಫ್ಯಾನ್ ಸೌಂಡ್ ಬಂದ್ರೆ ಸಹಿಸ್ಕೊಳ್ರಿ. ಫ್ಯಾನ್ ಆಫ್ ಮಾಡಿ ಶೂಟ್ ಮಾಡು ಅಂತಾನೆ ನಮ್ಮ ಎಡಿಟರ್. ಅವನು ಕುಂತಿರೋದು ಧಾರವಾಡದಾಗೆ. ನಮ್ಮ ಬಿಸಿಲು ಅವನಿಗೇನು ಗೊತ್ತು.

ಹೋದ ವಾರ ಜೀನ್ಸ್ ವಿಡಿಯೋ ಹಾಕಿದ್ದೆ. ನೋಡಿಲ್ಲ ಅಂದ್ರೆ ಮೊದ್ಲು ಅದನ್ನ ನೋಡ್ರಿ, ಕಷ್ಟಪಟ್ಟು ಮಾಡೀನಿ. ಕೌಲ್ ಬಜಾರ್ ಕಡೆ ಒಂದು ಸಣ್ಣ ಯೂನಿಟ್. ಬಟ್ಟೆ ಥಾನು ಬರೋದರಿಂದ ಹಿಡಿದು ಕಟಿಂಗ್, ಹೊಲಿಗೆ, ಕಾಜಾ-ಬಟನ್, ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್ ಎಲ್ಲಾ ತೋರ್ಸಿದ್ದೆ. ಅದರಾಗೆ ಒಬ್ಬರು ಕಟಿಂಗ್ ಮಾಸ್ಟರ್ ಮಾತಾಡಿದ್ರು. ತಲೆ ಮೇಲೆ ಟೋಪಿ, ಕೊರಳಾಗೆ ಟೇಪು. ಪೀಸ್ ರೇಟ್ ಏರ್ತಿಲ್ಲ, ಕರೆಂಟ್ ನಿಲ್ತಿಲ್ಲ, ಜೀನ್ಸ್ ಪಾರ್ಕ್ ಅಂತ ಚುನಾವಣೆಗೊಮ್ಮೆ ಬಂದು ಹೇಳಿ ಹೋಗ್ತಾರೆ ಅಂತ ಅವರ ಕಷ್ಟ ಅವರು ಹೇಳಿದ್ರು. ಕೆಳಗೆ ಒಬ್ಬ ಮಹಾನುಭಾವ ಬರೀತಾನೆ: “ಮೊದ್ಲು ನಿಮ್ಮ ಮಾಸ್ಟರ್‌ನ ಪಹಲ್ಗಾಮ್ ಬಗ್ಗೆ ಕೇಳಿ, ಆಮೇಲೆ ಜೀನ್ಸ್ ತೋರ್ಸಿ.”

ಅದಕ್ಕೆ ಬಂದಿರೋ ಲೈಕು ನನ್ನ ವಿಡಿಯೋಕ್ಕೂ ಬಂದಿಲ್ರೀ!

ಅಲ್ಲ ಸ್ವಾಮಿ, ಮಾಸ್ಟರ್‌ಗೂ ಪಹಲ್ಗಾಮ್‌ಗೂ ಏನು ಸಂಬಂಧ? ಆ ಮನುಷ್ಯ ಗುಂತಕಲ್ ದಾಟಿ ಆ ಕಡೆ ಹೋದವನಲ್ಲ. 2025ರ ಏಪ್ರಿಲ್ 22ಕ್ಕೆ ಕಾಶ್ಮೀರದ ಆ ಪಹಲ್ಗಾಮ್‌ನಾಗೆ ಭಯೋತ್ಪಾದಕರು 26 ಜನರನ್ನ ಕೊಂದ್ರು. ಅದರಾಗೆ ನಮ್ಮ ಕರ್ನಾಟಕದೋರೂ ಇದ್ರು. ಶಿವಮೊಗ್ಗದ ಆ ಮನೆಯವರು ಅತ್ತಿದ್ದನ್ನ ನೋಡಿ ನಮ್ಮನೆಯಾಗೂ ಅತ್ತಾರೆ. ಧರ್ಮ ಕೇಳಿ ಕೊಂದ್ರು, ಹೌದು, ಅದನ್ನ ನಾನು ಮುಚ್ಚಿಡ್ತಾ ಇಲ್ಲ. ಕೊಂದವರನ್ನ ಹಿಡೀರಿ, ನೇಣಿಗೆ ಹಾಕ್ರಿ, ನಾನೇನು ಅಡ್ಡ ಬರ್ತೀನಾ? ಆದ್ರೆ ಆ ದಿನ ಪ್ರವಾಸಿಗರನ್ನ ಕಾಪಾಡೋಕೆ ಹೋಗಿ ಗುಂಡು ತಿಂದು ಸತ್ತ ಕುದುರೆಯವನು ಯಾರು? ಅವನೂ ಮುಸ್ಲಿಮನೇ. ಅವನ ಲೆಕ್ಕ ಯಾಕ್ರೀ ಮಾಸ್ಟರ್ ಖಾತೆಗೆ ಜಮಾ ಆಗಲ್ಲ? ಖರ್ಚು ಮಾತ್ರ ಮಾಸ್ಟರ್ ಹೆಸರಿಗೆ, ಜಮಾ ಬಂದಾಗ ಪುಸ್ತಕ ಮುಚ್ಚಿಡ್ತೀರಿ.

ಈಗ ಒಬ್ಬ ಬರ್ತಾನೆ ನೋಡ್ರಿ: “ಸಾರ್, ಹಂಗಾದ್ರೆ ಅವರು ಖಂಡಿಸಬಹುದಲ್ಲ, ಯಾಕೆ ಸುಮ್ನಿರ್ತಾರೆ?” ಸುಮ್ನಿದ್ರಾ? ಪಹಲ್ಗಾಮ್ ಆದ ಮರುದಿನ ಕಾಶ್ಮೀರ ಬಂದ್ ಆಯ್ತು. ಅಲ್ಲಿನ ಪತ್ರಿಕೆಗಳು ಮುಖಪುಟ ಕಪ್ಪು ಮಾಡಿ ಅಚ್ಚು ಹಾಕಿದ್ವು. ಶುಕ್ರವಾರ ದೇಶದಾಗೆ ಎಷ್ಟೋ ಊರಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ನಮಾಜ್ ಮಾಡಿದ್ರು. 2008ರ ಫೆಬ್ರವರಿಯಾಗೆ ಉತ್ತರ ಪ್ರದೇಶದ ದೇವಬಂದ್ ಮದರಸಾದೋರು ದೊಡ್ಡ ಸಭೆ ಸೇರಿಸಿ ಭಯೋತ್ಪಾದನೆ ಇಸ್ಲಾಂಗೆ ವಿರುದ್ಧ ಅಂತ ಹೇಳಿದ್ರು. ಅದೇ ವರ್ಷ ನವೆಂಬರ್ 26ಕ್ಕೆ ಮುಂಬೈ ದಾಳಿ ಆಯ್ತು, 166 ಜನ ಸತ್ರು. ದಾಳಿ ಮಾಡಿದವರ 9 ಹೆಣ ಇತ್ತು. ಮುಂಬೈ ಜಾಮಾ ಮಸೀದಿ ಟ್ರಸ್ಟ್‌ನೋರು ಏನಂದ್ರು ಗೊತ್ತಾ? ನಮ್ಮ ಖಬರಸ್ತಾನದಾಗೆ ಇವರಿಗೆ ಜಾಗ ಇಲ್ಲ ಅಂದುಬಿಟ್ರು. ಆ ಹೆಣಗಳು ವರ್ಷಕ್ಕೂ ಜಾಸ್ತಿ ಶವಾಗಾರದಾಗೆ ಬಿದ್ದಿದ್ವು. ಕೊನೆಗೆ 2010ರ ಜನವರಿಯಾಗೆ ಸರ್ಕಾರ ಯಾರಿಗೂ ಹೇಳದೆ ಎಲ್ಲೋ ಹೂಳ್ತು. ಹೆಣಕ್ಕೆ ಮಣ್ಣು ಕೊಡೋದು ಅವರಲ್ಲಿ ಎಷ್ಟು ದೊಡ್ಡ ಕೆಲಸ ಅಂತ ಬಲ್ಲವರಿಗೆ ಗೊತ್ತು. ಅದನ್ನೇ ಇಲ್ಲ ಅಂದ್ರು. ಇದಕ್ಕಿಂತ ದೊಡ್ಡ ಖಂಡನೆ ಯಾವುದ್ರೀ? ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡ್ಸಿ ಕೊಡಬೇಕಾ?

ಖಂಡಿಸಿದ್ರೆ ನಾಟಕ, ಸುಮ್ನಿದ್ರೆ ಬೆಂಬಲ. ಮಾಸ್ಟರ್ ಎಲ್ಲಿಗೆ ಹೋಗಬೇಕು?

ಒಂದು ನಿಮಿಷ. ಈ ವಿಡಿಯೋಕ್ಕೆ ಗಾಣದ ಎಣ್ಣೆಯೋರು ಸಹಾಯ ಮಾಡ್ಯಾರೆ, ಶೇಂಗಾ ಎಣ್ಣೆ, ಕುಸುಬಿ ಎಣ್ಣೆ, ಲಿಂಕ್ ಕೆಳಗೈತೆ. ಪಾಪ, ಈ ವಿಷಯದ ಮೇಲೆ ಮಾಡ್ತೀನಿ ಅಂತ ಅವರಿಗೆ ಹೇಳಿರಲಿಲ್ಲ. ತಗೊಳ್ರಿ, ಎಣ್ಣೆ ಚೆನ್ನಾಗೈತೆ.

ಹಾಂ. ನನ್ನನ್ನ ಕೇಳ್ರಿ, ನಾನು ಬಳ್ಳಾರಿಯೋನು. ಬೆಂಗಳೂರಿಗೆ ಹೋಗಿ ಬಳ್ಳಾರಿ ಅಂದ್ರೆ ಸಾಕು, “ಓ, ಮೈನಿಂಗಾ? ಹೆಲಿಕಾಪ್ಟರ್ ಐತಾ?” ಅಂತಾರೆ. 2011ರಾಗೆ ಅಕ್ರಮ ಗಣಿಗಾರಿಕೆ ಮೇಲೆ ಲೋಕಾಯುಕ್ತ ವರದಿ ಬಂದಾಗಿಂದ ಇದೇ ಹಾಡು. ಮನೆ ಬಾಡಿಗೆಗೆ ಕೇಳಿದ್ರೂ ಇದೇ, ಹೆಣ್ಣು ನೋಡೋಕೆ ಹೋದ್ರೂ ಇದೇ. ನಾನು ಒಂದು ಬುಟ್ಟಿ ಅದಿರು ಮಾರಿಲ್ರೀ! ಲಾರಿ ಎಬ್ಬಿಸಿದ ಕೆಂಪು ಧೂಳು ಕುಡಿದದ್ದು ನಾವು, ಉತ್ತರ ಕೊಡೋರೂ ನಾವಾ? ನಿಮಗೂ ಆಗೇತಲ್ಲ ಈ ಅನುಭವ? ಆಗ ಮೈ ಉರಿತಲ್ಲ? ಅದೇ ಬಾಯಾಗೆ ಬಂದು ಮಾಸ್ಟರ್‌ನ ಪಹಲ್ಗಾಮ್ ಕೇಳ್ತೀರಿ. ಮತ್ತೆ ನಮ್ಮದು ಬರೀ ಚೇಷ್ಟೆ ಮಾತು, ನಕ್ಕು ಬಿಡಬಹುದು. ಅವರದು ಹಂಗಲ್ಲ. ಬಾಡಿಗೆ ಮನೆ ಹೋಗ್ತದೆ, ಆರ್ಡರ್ ಹೋಗ್ತದೆ, ಮಗಳು ಕಾಲೇಜಿನಾಗೆ ಒಬ್ಬಳೇ ಕುಂತು ಊಟ ಮಾಡ್ತಾಳೆ.

“ಬಳ್ಳಾರಿಯಾಗೇ ಹಿಡಿದ್ರಲ್ಲ, ಅದಕ್ಕೇನಂತೀರಿ?” ಬಂತಾ, ಬಂತು. ಹೌದಪ್ಪ, ಹಿಡಿದ್ರು. 2023ರ ಡಿಸೆಂಬರ್ 18ಕ್ಕೆ ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎಯೋರು ನಾಲ್ಕು ರಾಜ್ಯದಾಗೆ 19 ಕಡೆ ದಾಳಿ ಮಾಡಿ ಐಸಿಸ್ ನಂಟಿನ ಆರೋಪದ ಮೇಲೆ 8 ಜನರನ್ನ ಹಿಡಿದ್ರು, ಆ ಗುಂಪಿಗೆ ‘ಬಳ್ಳಾರಿ ಮಾಡ್ಯೂಲ್’ ಅಂತ ಹೆಸರೂ ಬಂತು. ಮರುವರ್ಷ ಮಾರ್ಚ್ 1ಕ್ಕೆ ರಾಮೇಶ್ವರಂ ಕೆಫೆ ಸ್ಫೋಟ ಆದಾಗ ಶಂಕಿತ ನಮ್ಮ ಬಸ್ ಸ್ಟ್ಯಾಂಡ್ ದಾಟಿ ಹೋದ ಅಂತ ಟಿವಿಯೋರು ಇಡೀ ದಿನ ನಮ್ಮ ಬಸ್ ಸ್ಟ್ಯಾಂಡೇ ತೋರ್ಸಿದ್ರು. ಸರಿ. ನಾಲ್ಕು ಲಕ್ಷದ ಮೇಲೆ ಜನ ಇರೋ ಊರು ಇದು. ‘ಬಳ್ಳಾರಿ ಮಾಡ್ಯೂಲ್’ ಅಂದ್ರಲ್ಲ, ಬಳ್ಳಾರಿಯೋನು ಅಂತ ನಿಮ್ಮನ್ನ ಕೇಳಿದ್ರಾ? ಬ್ರೂಸ್‌ಪೇಟೆ ಕಿರಾಣಿ ಅಂಗಡಿಯೋರನ್ನ ಕೇಳಿದ್ರಾ? ಊರು ಎಲ್ಲಾರದು, ಮಾಡ್ಯೂಲ್ ಮಾತ್ರ ಮಾಸ್ಟರ್‌ದಾ? ಗೊತ್ತಿದ್ದೂ ಮುಚ್ಚಿಟ್ಟವನು ಇದ್ರೆ ಅವನಿಗೆ ಕಾನೂನು ಐತೆ, ಎಳ್ಕೊಂಡು ಹೋಗ್ರಿ. ಗೊತ್ತೇ ಇಲ್ಲದವನನ್ನ ಯಾಕೆ ಕೇಳ್ತೀರಿ?

ಕೇಳಿ ಕೇಳಿ ಏನಾಗ್ತದೆ ಅನ್ನೋದಕ್ಕೆ ದೂರ ಹೋಗೋದು ಬೇಡ, ಇಲ್ಲೇ ಕಲಬುರಗಿ. ಫಾರ್ಮಸಿ ಓದ್ತಿದ್ದ ಒಬ್ಬ ಮುಸ್ಲಿಂ ಹುಡುಗನ್ನ 1994ರ ಜನವರಿಯಾಗೆ ರೈಲು ಸ್ಫೋಟದ ಕೇಸಿನಾಗೆ ಹಿಡಿದ್ರು. 20 ತುಂಬಿರಲಿಲ್ಲ ಅವನಿಗೆ. 2016ರ ಮೇ ತಿಂಗಳಾಗೆ ಸುಪ್ರೀಂ ಕೋರ್ಟ್ ನಿರ್ದೋಷಿ ಅಂತ ಬಿಡ್ತು. ಹೊರಗೆ ಬಂದಾಗ ನಲವತ್ತು ದಾಟಿತ್ತು. ಆ ವಯಸ್ಸಿಗೆ ನಮ್ಮ ಹುಡುಗರು ಮಕ್ಕಳಿಗೆ ಸ್ಕೂಟಿ ಕೊಡಿಸೋ ಚಿಂತೆಯಾಗೆ ಇರ್ತಾರೆ. ಆ 22 ವರ್ಷಕ್ಕೆ ಯಾರನ್ನ ಕೇಳೋಣ? ನಿಮ್ಮನ್ನ ಕೇಳ್ಲಾ? ಕೇಳಲ್ಲ. ಯಾಕಂದ್ರೆ ನೀವು ಹಿಡಿದಿಲ್ಲ. ಇಷ್ಟೇ ರೀ ಲೆಕ್ಕ!

ನನ್ನ ಮನೆ ಲೆಕ್ಕಕ್ಕೇ ಬರ್ತೀನಿ. 2017ರ ಸೆಪ್ಟೆಂಬರ್ 5ಕ್ಕೆ ಗೌರಿ ಲಂಕೇಶ್‌ರನ್ನ ಅವರ ಮನೆ ಬಾಗಿಲಾಗೆ ಗುಂಡು ಹೊಡೆದು ಕೊಂದ್ರು. ಆರೋಪಪಟ್ಟಿಯಾಗಿರೋ ಹೆಸರು ಓದ್ರಿ, ನಮ್ಮ ಮನೆ ಮದುವೆ ಕಾರ್ಡಿನಾಗೆ ಅಚ್ಚಾಗೋ ಹೆಸರಿನಂಥವೇ. ಆರೋಪ ಸಾಬೀತಾಗೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು. ಆದ್ರೆ ನನ್ನನ್ನ ಒಬ್ಬನಾದ್ರೂ ನಿಲ್ಲಿಸಿ “ಏನಪ್ಪಾ, ನಿಮ್ಮೋರ ಮೇಲೆ ಕೇಸ್ ಆಗೇತಲ್ಲ, ನೀನೇನಂತಿ?” ಅಂತ ಕೇಳಿದ್ನಾ? ರಾಯಲ್ ಸರ್ಕಲ್‌ನಾಗೆ ಮಿರ್ಚಿ ತಿಂತಾ ನಿಂತಿದ್ದೆ, ಮಿರ್ಚಿ ಮೇಲೆ ಉಳ್ಳಾಗಡ್ಡಿ ಬೇಕಾ ಅಂತ ಕೇಳಿದ್ರು, ಅಷ್ಟೇ.

ಈಗ ನೀವು ಕಾಯ್ತಾ ಇದೀರಿ, ನನಗೆ ಗೊತ್ತು. ಇವನು ಇನ್ನು ಮೊಹರಂ ತೆಗೀತಾನೆ, ಮುದಗಲ್ಲಿನಾಗೆ ಎಲ್ಲಾ ಜಾತಿಯೋರೂ ಅಲಾಯಿ ಆಡ್ತಾರೆ ಅಂತಾನೆ, ಭಾವೈಕ್ಯ ಅಂತ ಕಣ್ಣೀರು ಹಾಕ್ತಾನೆ ಅಂತ. ಹಾಕಲ್ಲ. ಮುದಗಲ್ ವಿಡಿಯೋ ಬೇರೆ ಐತೆ, ಹೋಗಿ ನೋಡ್ರಿ, ವ್ಯೂಸ್ ಕಮ್ಮಿ ಬಂದಾವೆ. ಮಾಸ್ಟರ್ ಭಾಳ ಒಳ್ಳೆಯೋರು, ಗಣಪತಿಗೆ ಪಟ್ಟಿ ಕೊಡ್ತಾರೆ, ಅದಕ್ಕೇ ಬಿಡ್ರಿ ಅಂತ ನಾನು ಬೇಡ್ಕೊಳ್ತಾ ಇಲ್ಲ. ಮಾಸ್ಟರ್ ಮುಂಗೋಪಿ. ಹೇಳಿದ ದಿನಕ್ಕೆ ಪ್ಯಾಂಟ್ ಕೊಟ್ಟಿದ್ದು ನಾನು ಕಂಡಿಲ್ಲ. ಕ್ರಿಕೆಟ್ ಬಗ್ಗೆ ಅವರು ಹೇಳೋದೆಲ್ಲಾ ತಪ್ಪು. ಆದ್ರೂ ಪಹಲ್ಗಾಮ್‌ಗೆ ಅವರು ಉತ್ತರ ಕೊಡಬೇಕಾಗಿಲ್ಲ! ಒಳ್ಳೆಯವನಾಗಿದ್ರೆ ಮಾತ್ರ ಬಿಡುಗಡೆ ಅಂದ್ರೆ ಅದೂ ಜಾಮೀನೇ ಆಯ್ತಲ್ರೀ. ಮಾಡದ ತಪ್ಪಿಗೆ ಜಾಮೀನು ಯಾಕೆ ತಗೋಬೇಕು?

“ಸಾರ್ ನೀವು ಓಲೈಕೆ ಮಾಡ್ತೀರಿ.” ಮಾಡ್ತೀನಿ ಬಿಡ್ರಿ, ಮಾಡ್ತೀನಿ. ನನ್ನದು ಎರಡು ಪ್ಯಾಂಟ್ ಇನ್ನೂ ಅವರ ಹತ್ರ ಐತೆ. “ಪಾಕಿಸ್ತಾನಕ್ಕೆ ಹೋಗು.” ಸಿರುಗುಪ್ಪಕ್ಕೆ ಹೋಗೋಕೇ ನಮ್ಮ ರೋಡು ನೆಟ್ಟಗಿಲ್ಲ. “ನಿನ್ನ ಮನೆಯೋರಿಗೆ ಆಗಿದ್ರೆ ಗೊತ್ತಾಗ್ತಿತ್ತು.” ಆಗಿದ್ರೂ ಕೊಂದವನನ್ನೇ ಹುಡುಕ್ತಿದ್ದೆ, ಕೌಲ್ ಬಜಾರಿಗೆ ಟೇಪು ಹಿಡಿದವನನ್ನ ಹುಡುಕ್ಕೊಂಡು ಬರ್ತಿರಲಿಲ್ಲ. ಮಾಡಿದವನನ್ನ ಕೇಳ್ರಿ. ಮಾಡದವನನ್ನ ಕೇಳಬ್ಯಾಡ್ರಿ. ಇನ್ನೂ ಎಷ್ಟು ಸಲ ಹೇಳ್ಲಿ? ತೆಲುಗಿನಾಗೆ ಹೇಳ್ಲಾ?

ಕಾಮೆಂಟ್ ಆಫ್ ಮಾಡಲ್ಲ, ಬೈಯೋರು ಬೈರಿ. ಬೈದ್ರೂ ವಿಡಿಯೋ ಮುಂದೆ ಹೋಗ್ತದೆ, ಅದು ನಿಮಗೆ ಗೊತ್ತಿಲ್ಲ. ಸಬ್‌ಸ್ಕ್ರೈಬ್ ಮಾಡಿ ಬೈದ್ರೆ ಇನ್ನೂ ಒಳ್ಳೇದು. ಮುಂದಿನ ವಾರ ತುಂಗಭದ್ರಾ ಡ್ಯಾಮಿಗೆ ಹೋಗ್ತೀನಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಕೊಂಡು ಹೋಯ್ತಲ್ಲ, ಅದಕ್ಕೆ ಯಾರು ಉತ್ತರ ಕೊಡಬೇಕು ಅಂತ ಕೇಳೋಣ. ಅಲ್ಲಿ ಕೇಳೋಕೆ ಆಫೀಸ್ ಐತೆ, ಕುರ್ಚಿ ಐತೆ, ತಿಂಗಳಾ ತಿಂಗಳಾ ಸಂಬಳ ತಗೊಳ್ಳೋರು ಅದಾರೆ. ಬರೋರು ಬರ್ರಿ, ನನ್ನ ಗಾಡಿಯಾಗೆ ಒಬ್ಬರಿಗೆ ಜಾಗ ಐತೆ.